ಮರುಮದುವೆಯೂ ಮೊದಲ ಮಕ್ಕಳ ಪಾಲೂ

ಹೆಂಡತಿ ತೀರಿಕೊಂಡ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರಿಲ್ಲವೆಂದು ಮರುಮದುವೆಯಾಗುವವರು ನಮ್ಮಲ್ಲಿ ಉಂಟು. ಅದು ತಪ್ಪಲ್ಲ. ಆದರೆ ಉಯಿಲು ಬರೆಯದೆ ಕಣ್ಣುಮುಚ್ಚಿದರೆ ಮೊದಲ ಮಕ್ಕಳ ಗತಿಯೇನು?

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಅವನ ಹೆಂಡತಿ, ಎರಡೂ ಮದುವೆಯ ಗಂಡು ಹೆಣ್ಣು ಮಕ್ಕಳು, ಬದುಕಿದ್ದರೆ ತಾಯಿ, ಇಷ್ಟು ಜನರಿಗೂ ಸಮಪಾಲು. ಆಕೆಗೆ ಬಂದ ಪಾಲು ಮುಂದೆ, ಆಕೆಯೂ ಉಯಿಲು ಬರೆಯದೆ ಹೋದರೆ, ಆಕೆ ಹೆತ್ತ ಮಕ್ಕಳಿಗೇ ಸೇರುತ್ತದೆ. ಅವರಿರುವಾಗ ಮಲಮಕ್ಕಳಿಗೆ ಹಕ್ಕಿಲ್ಲ. ಹೀಗಿರುವಾಗ ನಂಬಿಕೆಯಿಂದ ಇಡೀ ಮನೆಯನ್ನೇ ಆಕೆಯ ಹೆಸರಿಗೆ ಮಾಡಿಟ್ಟರೆ ಮೊದಲ ಮಕ್ಕಳು ಬರಿಗೈಯಾದಾರು.

ಉಯಿಲಿಗೆ ಛಾಪಾಕಾಗದ ಬೇಡ. ಆಕೆಯ ಜೀವನಕ್ಕೆ ಇಷ್ಟು, ಇಂಥ ಮಗುವಿಗೆ ಇಷ್ಟು ಎಂದು ಹೆಸರು ಹಿಡಿದು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ, ಅವರ ರುಜುವನ್ನೂ ಪಡೆಯಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪ್ರಾವಿಡೆಂಟ್ ಫಂಡಿನ ನಾಮಿನೇಷನ್ ಬೇರೆ ಕಾಗದ. ಮದುವೆಯಾದೊಡನೆ ಅದನ್ನೂ ಹೊಸದಾಗಿ ಕೊಡಬೇಕು.

ಸಾಹುಕಾರನ ಮಕ್ಕಳು ಹತ್ತು ವರ್ಷ ಕೋರ್ಟಿಗೆ ಅಲೆದಾರು. ನಮ್ಮ ಮಕ್ಕಳಿಗೆ ಆ ಶಕ್ತಿಯಿಲ್ಲ. ನಾವು ಗಟ್ಟಿಯಾಗಿರುವಾಗಲೇ ಬರೆದಿಡೋಣ.