ರೆಕ್ಕೆ ಸಮವಾಗಿಡುವ ಪುಟ್ಟ ಸಾಧನ



ಆಟೋಪೈಲಟ್ ಎಂದೊಡನೆ ದೊಡ್ಡ ವಿಮಾನಗಳೇ ನಮ್ಮ ಕಣ್ಮುಂದೆ ಬರುತ್ತವೆ. ನಾಲ್ಕು ಜನ ಕೂರುವ ಖಾಸಗಿ ವಿಮಾನಕ್ಕೆ ಅದೇಕೆ ಬೇಕು?

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ 1954ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿತು. ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಮಂದಿಗೆ, ಮೋಡದೊಳಗೆ ಹೊಕ್ಕಂತೆ, ಹೊರಗಿನ ನೋಟವನ್ನು ಮರೆಮಾಡಲಾಗಿತ್ತು. ಅಷ್ಟೂ ಮಂದಿ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡು. ಮೂರು ನಿಮಿಷವೂ ಇಲ್ಲ! ಇದಕ್ಕೆ ಮುಖ್ಯ ಕಾರಣ ನಮ್ಮ ಒಳಕಿವಿ. ವಿಮಾನ ತೀರಾ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿದರೆ ಅದಕ್ಕೆ ತಿಳಿಯುವುದೇ ಇಲ್ಲ; ನೆಟ್ಟಗಿದ್ದೇವೆ ಎಂದೇ ಸುಳ್ಳು ಸಾಕ್ಷಿ ಹೇಳುತ್ತದೆ. ಅಷ್ಟರಲ್ಲಿ ವಿಮಾನ ಸುತ್ತುತ್ತಾ ಕೆಳಗಿಳಿಯತೊಡಗಿರುತ್ತದೆ.

1960ರ ದಶಕದಲ್ಲಿ ಮೂನಿ ಕಂಪನಿ ತನ್ನ ಪುಟ್ಟ ವಿಮಾನಗಳಿಗೆ ಇದಕ್ಕೊಂದು ಹಗುರವಾದ ಸಾಧನ ಅಳವಡಿಸಿತು. ಬುಗುರಿಯಂತೆ ಸುತ್ತುವ ಗೈರೋ ತಿರುವನ್ನು ಗುರುತಿಸುತ್ತದೆ. ಎಂಜಿನ್ನಿನ ಪಂಪು ಗಾಳಿ ಹೀರುವ ಬಲದಿಂದ ಚಿಕ್ಕ ತಿದಿಗಳು ರೆಕ್ಕೆಯಂಚಿನ ಪಟ್ಟಿಗಳನ್ನೂ ಬಾಲದ ಚುಕ್ಕಾಣಿಯನ್ನೂ ಮೆಲ್ಲಗೆ ಎಳೆದು ರೆಕ್ಕೆಗಳನ್ನು ಸಮಕ್ಕೆ ತರುತ್ತವೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಹಾರುವಾಗ ಇದು ಸದಾ ಚಾಲೂ ಇರುತ್ತದೆ. ತಾನೇ ತಿರುಗಿಸಬೇಕೆಂದಾಗ ಪೈಲಟ್ ಹಿಡಿಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯಬೇಕು. ಬಿಟ್ಟೊಡನೆ ಸಾಧನ ಮತ್ತೆ ಕೆಲಸಕ್ಕೆ ಹಾಜರು. ಗಾಬರಿಯಾದವನಿಗೆ ಸ್ವಿಚ್ಚು ಹುಡುಕುವ ವ್ಯವಧಾನ ಎಲ್ಲಿರುತ್ತದೆ ಹೇಳಿ?

ಆದರೆ ಇದು ಎತ್ತರವನ್ನು ಕಾಯುವುದಿಲ್ಲ, ವಿಮಾನವನ್ನು ಇಳಿಸುವುದೂ ಇಲ್ಲ. ಪಂಪು ಕೆಟ್ಟರೆ ಇದೂ ನಿಂತಂತೆಯೇ.