ಕೊಳಲಿಗೆ ಕಂಠ ಬಂದ ಬಗೆ



ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದನ್ನು ತಾವೆಲ್ಲರೂ ಬಲ್ಲಿರಿ. ಕೊಳಲು ಮಾರುವವನು ಕೋಲೊಂದಕ್ಕೆ ಹತ್ತಾರು ಕೊಳಲುಗಳನ್ನು ಸಿಕ್ಕಿಸಿ, ಒಂದನ್ನು ಊದುತ್ತ ಜನಸಂದಣಿಯ ನಡುವೆ ಸಾಗುತ್ತಾನೆ. ಆ ಇಂಪಿಗೆ ಮರುಳಾಗಿ ಬಾಲ್ಯದಲ್ಲಿ ನಾವೂ ಒಂದನ್ನು ಕೊಂಡು ತಂದೆವು. ನಮ್ಮ ತುಟಿಗೆ ಬಂದೊಡನೆ ಅದು ಬರಿಯ ಬಿದಿರಾಯಿತು. ಗಾಳಿಯ ಸುಯ್ಲಲ್ಲದೆ ಮತ್ತೇನೂ ಹೊರಡಲಿಲ್ಲ. ಒಂದೇ ಬಿದಿರು ಒಬ್ಬರ ಕೈಯಲ್ಲಿ ಹಾಡುವುದು, ಇನ್ನೊಬ್ಬರ ಕೈಯಲ್ಲಿ ಮೂಕವಾಗುವುದು ಏತಕ್ಕೆ? ಈ ಪ್ರಶ್ನೆಗೆ ಉತ್ತರವು ಟಿ. ಆರ್. ಮಹಾಲಿಂಗಂ ಅವರ ಜೀವಿತದಲ್ಲಿ ದೊರೆಯುತ್ತದೆಂದು ನಾವು ಭಾವಿಸುತ್ತೇವೆ. ರಸಿಕರು ಅವರನ್ನು ಪ್ರೀತಿಯಿಂದ 'ಮಾಲಿ' ಎಂದು ಕರೆದರು. ತಮಿಳುನಾಡಿನಲ್ಲಿ ಹುಟ್ಟಿದ ಅವರು ಕೆಲವು ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು.

ವೇಣುವು ಪುರಾಣಪ್ರಸಿದ್ಧವಾದುದೇ ಸರಿ. ಆದರೆ ದಕ್ಷಿಣಾದಿ ಸಂಗೀತದ ಕಚೇರಿಯಲ್ಲಿ ಅದಕ್ಕೆ ಮುಖ್ಯಾಸನ ದೊರೆತುದು ಈಚಿನ ಸಂಗತಿ. ಆ ಗೌರವವನ್ನು ಸಂಪಾದಿಸಿಕೊಟ್ಟವರು ಕುಂಭಕೋಣದ ಶರಭಶಾಸ್ತ್ರಿಗಳು. ದೃಷ್ಟಿಹೀನರಾಗಿದ್ದ ಆ ಮಹನೀಯರು 1904ರಲ್ಲಿ, ಇನ್ನೂ ನಡುವಯಸ್ಸನ್ನು ಮುಟ್ಟುವ ಮೊದಲೇ, ಕಾಲವಾದರು. ಅವರ ಶಿಷ್ಯರಾದ ಪಲ್ಲಡಂ ಸಂಜೀವರಾಯರು ಆ ಸಂಪ್ರದಾಯವನ್ನು ಬಹುಕಾಲ ಬೆಳಗಿದರು. ಆದರೂ ಒಂದು ಕೊರತೆ ಉಳಿದಿತ್ತು. ಅಂದಿನ ವಾದನದಲ್ಲಿ ಸ್ವರಗಳು ಬಿಡಿಬಿಡಿಯಾಗಿ ಉದುರುತ್ತಿದ್ದುವು. ಹಾಡುಗಾರನ ಕಂಠದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಬಿದಿರಿಗೆ ಸುಲಭವಾಗಿ ಒಲಿಯುತ್ತಿರಲಿಲ್ಲ.

ಮಾಲಿಯವರು 1926ರಲ್ಲಿ ತಿರುವಿಡೈಮರುದೂರಿನಲ್ಲಿ ಜನಿಸಿದರು. ಸೋದರಮಾವಂದಿರಾದ ಗೋಪಾಲಯ್ಯರ್ ಅವರಲ್ಲಿ ಬಾಲಕನಿಗೆ ಆದದ್ದು ಹಾಡುಗಾರಿಕೆಯ ಪಾಠ. ಕೊಳಲು ಅವನು ಮರೆಯಲ್ಲಿ ತಾನೇ ಹಿಡಿದುಕೊಂಡ ವಿದ್ಯೆ. 1933ರಲ್ಲಿ, ಏಳು ವರ್ಷದ ಎಳೆಯ ವಯಸ್ಸಿನಲ್ಲಿ, ಮದರಾಸಿನ ಮೈಲಾಪುರದಲ್ಲಿ ಕಚೇರಿ ಮಾಡಿ ವಿದ್ವಾಂಸರನ್ನು ಬೆರಗುಗೊಳಿಸಿದನು. ಆ ಮೊದಲ ಪಾಠದಲ್ಲಿಯೇ ಅವರ ಮುಂದಿನ ಸಾಧನೆಯ ಬೀಜವಿತ್ತು. ಹಾಡನ್ನು ಬಲ್ಲ ಬೆರಳು ಬಿಡಿ ಸ್ವರದಿಂದ ತೃಪ್ತಿಪಡಲಿಲ್ಲ. ಅವರು ದಪ್ಪ ಗೋಡೆಯ ಬಿದಿರನ್ನು ಆರಿಸಿಕೊಂಡರು; ಬೆರಳಿಡುವ ಕ್ರಮವನ್ನೇ ಬದಲಾಯಿಸಿದರು. ಕೊಳಲಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಎಂಟು ರಂಧ್ರಗಳಲ್ಲಿ ಒಂದನ್ನು ಅರೆ ಮುಚ್ಚಬೇಕು, ಇನ್ನೊಂದನ್ನು ಮೆಲ್ಲನೆ ಬಿಡಬೇಕು. ತುಟಿಯ ಕೋನವೂ ಉಸಿರಿನ ವೇಗವೂ ಅದರೊಡನೆ ಹೊಂದಬೇಕು. ಉಸಿರಿನ ಬಿಸಿಗೆ ಬಿದಿರಿನೊಳಗಣ ಗಾಳಿ ಕಾದರೆ ಶ್ರುತಿಯೂ ಮೇಲೇರುವುದರಿಂದ ಕಿವಿಯು ಕ್ಷಣಕ್ಷಣವೂ ಕಾವಲಿರಬೇಕು. ಇಷ್ಟನ್ನೂ ವಶಪಡಿಸಿಕೊಂಡ ಮಾಲಿಯವರ ಕೈಯಲ್ಲಿ ಕೊಳಲಿಗೆ ಕಂಠ ಬಂದಿತು.

ಅವರ ನಡೆಯಲ್ಲಿ ಮಾತ್ರ ಈ ವಶವರ್ತಿತ್ವವಿರಲಿಲ್ಲ. ಒಪ್ಪಿಕೊಂಡ ಕಚೇರಿಗೆ ಬಾರದಿರುವುದು, ತಡವಾಗಿ ಬರುವುದು, ನಡುವೆಯೇ ನಿಲ್ಲಿಸಿ ಏಳುವುದು ಇವೆಲ್ಲ ಅವರ ವಿಷಯದಲ್ಲಿ ಸರ್ವವಿದಿತ. ಆದರೂ ರಸಿಕರು ಮತ್ತೆ ಮತ್ತೆ ಟಿಕೀಟು ಕೊಂಡು ಕಾದರು. ಕಾದವರ ಪಾಲಿಗೆ ನಿರಾಶೆಯೂ ಉಂಟು. ಜನ್ಮವಿಡೀ ಮರೆಯಲಾಗದ ನಾದವೂ ಉಂಟು. 1986ರ ಮೇ 31ರಂದು ಅವರು ತೀರಿಕೊಂಡರು.

ಇಂತಹವರ ವಿದ್ಯೆಯು ಅವರೊಡನೆಯೇ ಮರೆಯಾಗಬಹುದಾಗಿತ್ತು. ಹಾಗಾಗಲಿಲ್ಲ. ಅವರ ಶಿಷ್ಯರಲ್ಲಿ ಎನ್. ರಮಣಿ, ಟಿ. ಎಸ್. ಶಂಕರನ್ ಮೊದಲಾದವರು ಗುರುವಿನ ನಾದವನ್ನು ಆಯ್ದುಕೊಂಡರು. 2015ರಲ್ಲಿ ತೀರಿಕೊಂಡ ರಮಣಿಯವರಂತೂ ಆ ಕಂಠಮಾರ್ಗಕ್ಕೆ ತಮ್ಮ ಶಿಸ್ತನ್ನು ಸೇರಿಸಿ, ಅನೇಕ ಶಿಷ್ಯರಿಗೆ ಹಂಚಿದರು. ನಮ್ಮ ನಾಡಿನಲ್ಲಿಯೂ ಇದೇ ತತ್ತ್ವಕ್ಕೆ ನಿದರ್ಶನವುಂಟು. ಕಾವೇರೀತೀರದ ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್ ಅವರು ವೇಣುವಾದನದಲ್ಲಿ ಬಾಲ್ಯದಲ್ಲಿಯೇ ಕೀರ್ತಿ ಪಡೆದವರಾದರೂ, ಗಾಯಕರಾದ ಆರ್. ಕೆ. ಶ್ರೀಕಂಠನ್ ಅವರಲ್ಲಿ ಹಾಡುಗಾರಿಕೆಯ ಪಾಠ ಪಡೆದರು.

ಇಷ್ಟನ್ನೂ ನಾವು ಹೇಳಿದುದಕ್ಕೆ ಕಾರಣವುಂಟು. 1948ರಲ್ಲಿ ಅಸ್ತಿವಾರ ಕಂಡ ಜಯನಗರದಿಂದ ಹಿಡಿದು ಬನಶಂಕರಿ, ಜೆ. ಪಿ. ನಗರಗಳವರೆಗೆ, ಸಂಜೆಯ ಹೊತ್ತು ಚೀಲದಲ್ಲಿ ಕೊಳಲಿಟ್ಟುಕೊಂಡು ಪಾಠಕ್ಕೆ ಹೋಗುವ ಮಕ್ಕಳನ್ನು ನೋಡುತ್ತೇವೆ. ನೋಡಿ ಸಂತೋಷವಾಗುತ್ತದೆ. ಆದರೆ ಮೂರು ತಿಂಗಳಿಗೆ ಒಂದು ಚಿತ್ರಗೀತೆಯನ್ನಾದರೂ ಊದಿಸಿರಿ ಎಂದು ಗುರುಗಳನ್ನು ತ್ವರೆಪಡಿಸುವ ತಂದೆತಾಯಿಗಳೂ ಇದ್ದಾರೆ. ಸರಳೆ ಜಂಟಿವರಸೆಗಳನ್ನು ಮೊದಲು ಬಾಯಲ್ಲಿ ಹಾಡಿಸುವ ಗುರುವು ಕಾಲಹರಣ ಮಾಡುತ್ತಿದ್ದಾನೆಂದು ಅವರಿಗೆ ತೋರಬಹುದು. ವಾಸ್ತವದಲ್ಲಿ ಅವನು ಕೊಳಲಿಗೆ ಕಂಠವನ್ನು ಕಟ್ಟುತ್ತಿದ್ದಾನೆ. ಮಾಲಿಯವರ ಪ್ರತಿಭೆ ಬೇಡಿದವರಿಗೆಲ್ಲ ದೊರೆಯದು. ಅವರ ವರ್ತನೆ ಯಾರಿಗೂ ಅನುಕರಣೀಯವಲ್ಲ. ಹಾಡಿನಿಂದ ಕೊಳಲಿಗೆ ಬರುವ ಆ ದಾರಿಯಾದರೋ ಪ್ರತಿಯೊಂದು ಮಗುವಿಗೂ ತೆರೆದಿದೆ.

ಪರಿಷೆಯಲ್ಲಿ ಕೊಂಡ ಆ ಕೊಳಲು ಬಹುದಿನ ನಮ್ಮ ಮನೆಯ ಗೂಡಿನಲ್ಲಿತ್ತು. ದೋಷವು ಬಿದಿರಿನದಲ್ಲ, ಅದಕ್ಕೆ ಕೊಡಲು ನಮ್ಮಲ್ಲಿ ಹಾಡಿರಲಿಲ್ಲ ಎಂಬುದು ನಮಗೆ ತಿಳಿದುದು ತೀರ ತಡವಾಗಿ. ತಮ್ಮ ಮನೆಯ ಮಕ್ಕಳಿಗೆ ಅದು ಸಕಾಲದಲ್ಲಿ ತಿಳಿಯಲೆಂದು ಹಾರೈಸುತ್ತೇವೆ.