ಹಳೆಯ ಕಾರಿನ ಮುಂದಿನ ಗಾಲಿಗಳ ಬ್ರೇಕ್ ಡಿಸ್ಕ್ ಬದಲಾಯಿಸುವ ಕ್ರಮ

(ರೈತರ ಯಂತ್ರ ನಿರ್ವಹಣಾ ತರಬೇತಿಯಲ್ಲಿ ನೀಡಿದ ಭಾಷಣದ ಪಾಠ)



ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಿಚ್ಚಿ ವಾಷರ್ ಹಾಕುವುದು, ಟ್ರ್ಯಾಕ್ಟರಿನ ಡೀಸೆಲ್ ಫಿಲ್ಟರ್ ಬದಲಿಸಿ ಗಾಳಿ ತೆಗೆಯುವುದು, ಇವೆಲ್ಲ ಹಳ್ಳಿಯ ಮನೆಗಳಲ್ಲಿ ಸಹಜವಾಗಿ ನಡೆಯುವ ಕೆಲಸಗಳು. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತಿರುವ ಹಳೆಯ ಕಾರಿನ ಬ್ರೇಕಿನ ವಿಷಯ ಬಂದಾಗ ಎರಡು ಬಗೆಯ ರೈತರು ಕಾಣಸಿಗುತ್ತಾರೆ. ಕೆಲವರು ಅದನ್ನು ಮುಟ್ಟಲೇ ಹೆದರಿ, ಕರಕರ ಸದ್ದು ಬರುತ್ತಿದ್ದರೂ ಪೇಟೆಗೆ ಹೋದಾಗ ತೋರಿಸಿದರಾಯಿತೆಂದು ತಿಂಗಳುಗಟ್ಟಲೆ ಓಡಿಸುತ್ತಾರೆ. ಮತ್ತೆ ಕೆಲವರು ನಾಲ್ಕು ಬೋಲ್ಟು ಬಿಚ್ಚಿ ಹಾಕುವ ಕೆಲಸವಷ್ಟೇ ಎಂದು ತಿಳಿದು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಅಪಾಯದ ಮಟ್ಟಿಗೆ ಈ ಎರಡರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಬ್ರೇಕ್ ಎಂದರೆ ಗಾಡಿಯ ಓಟವನ್ನು ಶಾಖವನ್ನಾಗಿ ಮಾರ್ಪಡಿಸುವ ಸಾಧನ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವ 1,000 ಕಿಲೋ ತೂಕದ ಕಾರನ್ನು ಮೂರು ಸಲ ಪೂರ್ತಿಯಾಗಿ ನಿಲ್ಲಿಸಿದರೆ ಹುಟ್ಟುವ ಶಾಖವು ಒಂದು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಇಳಿಜಾರಿನಲ್ಲಿ ಎತ್ತಿನ ಗಾಡಿಯ ಭಾರವೆಲ್ಲ ನೊಗದ ಮೇಲೆ ಬೀಳುವಂತೆ, ಬ್ರೇಕ್ ಒತ್ತಿದೊಡನೆ ಕಾರಿನ ಭಾರವೂ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಆದುದರಿಂದ ನಿಲ್ಲಿಸುವ ಕೆಲಸದ ಮೂರರಲ್ಲಿ ಎರಡು ಪಾಲು, ಕೆಲವು ವೇಳೆ ಅದಕ್ಕಿಂತಲೂ ಹೆಚ್ಚು, ಮುಂದಿನ ಬ್ರೇಕುಗಳದ್ದೇ ಆಗಿರುತ್ತದೆ. ಹಿಂದಿನ ಅಂಬಾಸಿಡರ್, ಫಿಯಟ್ ಕಾರುಗಳಲ್ಲಿ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್ ಇರುತ್ತಿತ್ತು. ಅನಂತರ ಬಂದ ಹೆಚ್ಚಿನ ಕಾರು, ವ್ಯಾನುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ಅದು ಕಾರುಗಳಲ್ಲಿ ರೂಢಿಗೆ ಬಂದದ್ದು 1950ರ ದಶಕದಿಂದೀಚೆಗೆ. ಗಾಲಿಯೊಡನೆ ತಿರುಗುವ ಬೀಡು ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ತಟ್ಟೆ ಗಾಳಿಗೆ ತೆರೆದಿರುವುದರಿಂದ ಬೇಗ ಆರುತ್ತದೆ. ಆದರೆ ಹೊಲದ ದಾರಿಯ ಕೆಸರು, ಮರಳು ಸಹ ಅಷ್ಟೇ ಸುಲಭವಾಗಿ ಅದಕ್ಕೆ ತಾಗುತ್ತವೆ.

ಡಿಸ್ಕ್ ಬದಲಾಯಿಸುವ ಕಾಲ ಬಂದಿದೆಯೇ ಎಂಬುದನ್ನು ಮೊದಲು ತಿಳಿಯಬೇಕು. ಮಳೆಯಲ್ಲಿ ಎರಡು ದಿನ ನಿಂತ ಕಾರಿನ ಡಿಸ್ಕ್ ಕೆಂಪಾಗಿ ತುಕ್ಕು ಹಿಡಿದಂತೆ ಕಂಡರೆ ಗಾಬರಿಯಾಗಬೇಕಾಗಿಲ್ಲ, ನಾಲ್ಕಾರು ಸಲ ಬ್ರೇಕ್ ಹಾಕಿದೊಡನೆ ಅದು ಹೋಗುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು, ಅಂಚಿನವರೆಗೆ ಹೋದ ಬಿರುಕು, ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಬಡಿದಂತಾಗುವುದು, ಇವು ನಿಜವಾದ ಲಕ್ಷಣಗಳು. ಡಿಸ್ಕಿನ ಅಂಚಿನಲ್ಲಿ ಅಥವಾ ನಡುವಿನ ಟೊಪ್ಪಿಗೆಯಂತಹ ಭಾಗದಲ್ಲಿ ಕನಿಷ್ಠ ದಪ್ಪ ಎಷ್ಟೆಂಬುದನ್ನು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕ್ ಶಾಖ ತಡೆಯಲಾರದು, ಅದನ್ನು ತೆಗೆಯಲೇಬೇಕು. ದಪ್ಪ ಅಳೆಯುವಾಗ ಒಂದು ತೊಡಕಿದೆ. ಪ್ಯಾಡ್ ತಾಗದ ಅಂಚು ಸವೆಯದೆ ದಿಂಡಿನಂತೆ ಉಳಿದಿರುವುದರಿಂದ ವರ್ನಿಯರ್ ಅಳತೆಗೋಲು ಆ ದಿಂಡನ್ನೇ ಅಳೆದು ಡಿಸ್ಕ್ ದಪ್ಪಗಿದೆಯೆಂದು ತೋರಿಸುತ್ತದೆ. ಒಂದೇ ಬಗೆಯ ಎರಡು ನಾಣ್ಯಗಳನ್ನು ಸವೆದ ಜಾಗದಲ್ಲಿ ಎರಡೂ ಬದಿಗೆ ಇಟ್ಟು ಅಳೆದು, ಅನಂತರ ನಾಣ್ಯಗಳ ದಪ್ಪವನ್ನು ಕಳೆದರೆ ಸರಿಯಾದ ಅಳತೆ ಸಿಗುತ್ತದೆ. ಲೇತಿನಲ್ಲಿ ಕಡೆಸಿ ಮತ್ತೆ ಹಾಕುವ ರೂಢಿಯೂ ಇದೆ. ಸಣ್ಣ ಕಾರುಗಳ ಡಿಸ್ಕ್ ಮೊದಲೇ ತೆಳು, ಕಡೆಸಿದ ಮೇಲೆ ಉಳಿಯುವುದು ಅತ್ಯಲ್ಪ. ಹೊಸದನ್ನೇ ಹಾಕುವುದು ಲೇಸು. ಹಾಕುವುದಾದರೆ ಎಡ ಬಲ ಎರಡನ್ನೂ ಹೊಸ ಪ್ಯಾಡುಗಳ ಸಮೇತ ಹಾಕಬೇಕು. ಒಂದೇ ಬದಿಗೆ ಹಾಕಿದ ಕಾರು ಬ್ರೇಕ್ ಒತ್ತಿದಾಗ ಪಕ್ಕಕ್ಕೆ ಎಳೆಯುವ ಸಂಭವವಿದೆ.

ಸಾಮಾನು ಕೊಳ್ಳುವ ಮೊದಲು ಕಾರಿನ ಡಿಸ್ಕ್ ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಕೆಲವು ಕಾರುಗಳಲ್ಲಿ ಡಿಸ್ಕ್ ಹಬ್ಬಿನ ಮೇಲೆ ಸುಮ್ಮನೆ ಕುಳಿತಿದ್ದು, ಕ್ಯಾಲಿಪರ್ ತೆಗೆದರೆ ಹೊರಗೆ ಬರುತ್ತದೆ. ಇದನ್ನು ಮನೆಯಲ್ಲಿ ಮಾಡಬಹುದು. ಇನ್ನು ಕೆಲವು ಹಳೆಯ ಮಾದರಿಗಳಲ್ಲಿ ಡಿಸ್ಕ್ ಹಬ್ಬಿನ ಹಿಂಬದಿಗೆ ಬೋಲ್ಟಾಗಿದ್ದು ಹಬ್ಬನ್ನೇ ಎಳೆದು ತೆಗೆಯಬೇಕಾಗುತ್ತದೆ. ಆಗ ಬೇರಿಂಗಿಗೆ ಪೆಟ್ಟಾಗುವ ಸಂಭವವಿದೆ, ಎಳೆಯುವ ಸಾಧನವೂ ಬೇಕು. ಅಂತಹ ಕಾರನ್ನು ವರ್ಕ್‌ಶಾಪಿಗೆ ಒಯ್ಯುವುದೇ ಸರಿ.

ಕೆಲಸವನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಮಾಡಬೇಕು. ಮಳೆಗಾಲದ ಅಂಗಳದಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಕೊಟ್ಟರೂ ನಂಬುವಂತಿಲ್ಲ. ಕಣದ ಸಿಮೆಂಟ್ ನೆಲ ಉತ್ತಮ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಅಡ್ಡೆ ಕೊಟ್ಟು, ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಬಳಿಕ ಎತ್ತಬೇಕು. ಎತ್ತಿದ ಕಾರನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕುಗಳು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ, ಅವು ಕೂಡದು. ಒಮ್ಮೆಗೆ ಒಂದೇ ಬದಿಯನ್ನು ಬಿಚ್ಚಿದರೆ ಸಂಶಯ ಬಂದಾಗ ಇನ್ನೊಂದು ಬದಿಯನ್ನು ನೋಡಿ ತಿಳಿಯಬಹುದು.

ಬ್ರೇಕಿನ ಮೇಲಿನ ಪುಡಿಯನ್ನು ಬಾಯಿಯಿಂದಾಗಲಿ ಕಂಪ್ರೆಸರಿನಿಂದಾಗಲಿ ಊದಬಾರದು. ಹಳೆಯ ಪ್ಯಾಡಿನ ಪುಡಿಯಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ಬಟ್ಟೆಯಿಂದ ಒರೆಸಬೇಕು. ಸ್ಟೇರಿಂಗನ್ನು ತಿರುಗಿಸಿಟ್ಟರೆ ಕ್ಯಾಲಿಪರಿನ ಹಿಂಬದಿಯ ಬೋಲ್ಟುಗಳು ಕೈಗೆ ಸಿಗುತ್ತವೆ. ಕ್ಯಾಲಿಪರನ್ನು ಬಿಚ್ಚಿದ ಮೇಲೆ ರಬ್ಬರ್ ಹೋಸಿನಿಂದ ಜೋತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಹೋಸಿನ ಒಳಪದರ ಹರಿದರೆ ಹೊರಗೆ ಏನೂ ಕಾಣಿಸದು. ಈ ಹೊತ್ತಿನಲ್ಲಿ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಬೇಕು, ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಬ್ರ್ಯಾಕೆಟ್ಟಿನ ಎರಡು ದೊಡ್ಡ ಬೋಲ್ಟುಗಳು ಬಲವಾಗಿ ಕಚ್ಚಿಕೊಂಡಿರುತ್ತವೆ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಸ್ವಲ್ಪ ಕಾಯ್ದು ಉದ್ದ ಹಿಡಿಕೆಯ ಸ್ಪ್ಯಾನರಿನಿಂದ ತಿರುಗಿಸಬೇಕು. ಡಿಸ್ಕಿನಲ್ಲಿ ಮರೆಯುಳ್ಳ ಎರಡು ಚಿಕ್ಕ ತೂತುಗಳಿದ್ದರೆ ಸರಿಯಾದ ಬೋಲ್ಟುಗಳನ್ನು ಸರದಿಯಂತೆ ಬಿಗಿಯುತ್ತ ಹೋದರೆ ಡಿಸ್ಕ್ ತಾನಾಗಿ ಹೊರಬರುತ್ತದೆ. ಸುತ್ತಿಗೆಯ ಪೆಟ್ಟು ಹಾಕಿದರೆ ಬೇರಿಂಗಿಗೆ ಏಟು.

ಇಲ್ಲಿಂದ ಮುಂದಿನದು ಅತಿ ಮುಖ್ಯವಾದ ಭಾಗ. ಹೊಸ ಡಿಸ್ಕ್ ಹಾಕಿದ ಕೆಲವೇ ವಾರಗಳಲ್ಲಿ ಸ್ಟೇರಿಂಗ್ ನಡುಗಲು ತೊಡಗಿತೆಂದೂ ಡಿಸ್ಕ್ ಕಳಪೆಯೆಂದೂ ದೂರುವವರು ಬಹಳ. ಅನೇಕ ಸಂದರ್ಭಗಳಲ್ಲಿ ಡಿಸ್ಕ್ ಡೊಂಕಾಗಿರುವುದಿಲ್ಲ, ಅದು ಕುಳಿತ ಜಾಗ ಸರಿಯಿರುವುದಿಲ್ಲ. ಹಬ್ಬಿನ ಮುಖದ ಮೇಲೆ ಕಾಗದದಷ್ಟು ತೆಳುವಾದ ತುಕ್ಕಿನ ಹಕ್ಕಳೆ ಉಳಿದರೂ ಡಿಸ್ಕಿನ ಹೊರ ಅಂಚು ಅದಕ್ಕಿಂತ ಹೆಚ್ಚು ಓಲಾಡುತ್ತದೆ. ಓಲಾಟ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿರಬೇಕು. ಓಲಾಡುವ ಡಿಸ್ಕ್ ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ, ಅಲ್ಲಿಯೇ ಸವೆದು, ಮುಂದೆ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ತಂತಿ ಬ್ರಷ್ ಮತ್ತು ಎಮರಿ ಕಾಗದದಿಂದ ಹಬ್ಬಿನ ಮುಖವನ್ನೂ, ಪ್ರತಿ ಬೋಲ್ಟಿನ ಬುಡವನ್ನೂ ಲೋಹ ಹೊಳೆಯುವ ತನಕ ಉಜ್ಜಬೇಕು. ಇಡೀ ಕೆಲಸದಲ್ಲಿ ಇದಕ್ಕೇ ಹೆಚ್ಚು ಸಮಯ ಹಿಡಿದರೆ ಅದು ಸರಿಯಾದ ಲೆಕ್ಕ.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿರುತ್ತಾರೆ. ಬ್ರೇಕ್ ಕ್ಲೀನರ್ ಸಿಗದಿದ್ದರೆ ಸೋಪುಪುಡಿ ಹಾಕಿದ ಬಿಸಿನೀರಿನಲ್ಲಿ ತೊಳೆದು ಕೂಡಲೇ ಒಣಗಿಸಬೇಕು. ಸೀಮೆಎಣ್ಣೆ ಜಿಡ್ಡನ್ನು ಉಳಿಸುತ್ತದೆ, ಬೇಡ. ಹೊಸ ಪ್ಯಾಡುಗಳು ದಪ್ಪವಿರುವುದರಿಂದ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಹಳೆಯ ಪ್ಯಾಡನ್ನು ಅಡ್ಡವಿಟ್ಟು ಸಿ-ಕ್ಲಾಂಪಿನಿಂದ ನಿಧಾನವಾಗಿ ಒತ್ತಿದರೆ ಅದು ಸರಿಯುತ್ತದೆ. ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ದ್ರವ ಏರಿ ಚೆಲ್ಲಬಹುದು, ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ಕ್ಯಾಲಿಪರ್ ಸರಿದಾಡುವ ಪಿನ್ನುಗಳಿಗೆ ಟ್ರ್ಯಾಕ್ಟರಿನ ಗ್ರೀಸ್ ಬಳಿಯದೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬಳಿಯಬೇಕು. ಪಿನ್ನು ಕಚ್ಚಿಕೊಂಡ ಕಾರಿನಲ್ಲಿ ಒಂದೇ ಪ್ಯಾಡ್ ಸವೆಯುತ್ತದೆ. ಗಾಲಿಯ ನಟ್ಟುಗಳನ್ನು ಒಂದಕ್ಕೊಂದು ಎದುರು ಬರುವಂತೆ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಬೇಕು. ಉದ್ದ ಪೈಪು ಸಿಕ್ಕಿಸಿ ಮೇಲೆ ನಿಂತು ಒದೆಯುವ ಅಭ್ಯಾಸ ಡಿಸ್ಕನ್ನು ಸೊಟ್ಟಗೊಳಿಸುತ್ತದೆ. ಬ್ರ್ಯಾಕೆಟ್ ಬೋಲ್ಟುಗಳನ್ನಂತೂ ಟಾರ್ಕ್ ರೆಂಚಿನಿಂದ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು.

ಎಂಜಿನ್ ಚಾಲೂ ಮಾಡುವ ಮೊದಲು ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಯಾಗುವಂತೆ ಮಾಡಬೇಕು. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಎಳ್ಳಷ್ಟೂ ಹಿಡಿಯುವುದಿಲ್ಲ. ಇದನ್ನು ಮರೆತು ಗೇರಿಗೆ ಹಾಕಿದ ಕಾರಿಗೆ ಎದುರಾಗುವುದು ಅಂಗಳದಲ್ಲಿ ಆಡುವ ಮಕ್ಕಳು, ಕಟ್ಟಿದ ದನ, ಇಲ್ಲವೆ ಕಟ್ಟೆಯಿಲ್ಲದ ಬಾವಿ. ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಇದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ಅರ್ಥ. ಗಾಳಿ ತೆಗೆಯುವವರೆಗೆ ಕಾರು ಅಲುಗಬಾರದು. ದ್ರವ ಕಡಿಮೆಯಿದ್ದರೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ, ಅಂದರೆ ಡಾಟ್ 3 ಅಥವಾ ಡಾಟ್ 4 ದ್ರವವನ್ನೇ, ಹೊಸದಾಗಿ ತೆರೆದ ಡಬ್ಬಿಯಿಂದ ಹಾಕಬೇಕು. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ಒಳಗಿನ ರಬ್ಬರ್ ಭಾಗಗಳು ಉಬ್ಬಿ ಬ್ರೇಕ್ ಕೆಡುತ್ತದೆ. ಈ ದ್ರವವು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕು, ತೇವ ಹೀರಿದ ಮೇಲೆ ಆ ಮಟ್ಟ 140ರ ಸುಮಾರಿಗೆ ಇಳಿಯಬಹುದು. ಅಡಿಕೆ ಮೂಟೆ ತುಂಬಿಕೊಂಡು ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಇಳಿಯುವವರು ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸುವುದು ಒಳಿತು. ಇಳಿಯುವಾಗ ಬ್ರೇಕನ್ನು ಒತ್ತಿಹಿಡಿಯದೆ ಕೆಳಗಿನ ಗೇರಿನಲ್ಲಿ ಬರಬೇಕು.

ಹೊಸ ಡಿಸ್ಕಿಗೂ ಪ್ಯಾಡಿಗೂ ಹೊಂದಾಣಿಕೆಯಾಗಲು ಖಾಲಿಯಿರುವ ನೇರ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 15ರವರೆಗೆ, ಹದವಾಗಿ ಬ್ರೇಕ್ ಒತ್ತಿ ಹತ್ತು ಸಲ ನಿಧಾನಿಸಬೇಕು. ನಡುನಡುವೆ ಅರ್ಧ ನಿಮಿಷ ಓಡಿಸಿ ಆರಲು ಬಿಡಬೇಕು. ಬಿಸಿಯಾಗಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಹಿಡಿದರೆ ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಅಂಟಿ ಮತ್ತೆ ನಡುಕಕ್ಕೆ ಕಾರಣವಾಗುತ್ತದೆ. ಸುಮಾರು 100 ಕಿ.ಮೀ. ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ತೆಗೆದ ಡಿಸ್ಕುಗಳನ್ನು ಗುಜರಿಗೆ ಕೊಡಬಹುದು, ಬೀಡು ಕಬ್ಬಿಣಕ್ಕೆ ಬೆಲೆಯಿದೆ. ಹಳೆಯ ಪ್ಯಾಡುಗಳನ್ನೂ ಒರೆಸಿದ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕು, ಒಲೆಗೆ ಹಾಕಬಾರದು.